ಫ್ರೀಮಾಂಟ್ ಬೀದಿಯ ಬಿಟ್ಟಿ ಬಿಯರು

ಚಿ. ಪ್ರಣವನಿಗೆ ಮಾವನ ಆಶೀರ್ವಾದಗಳು.

ನಿಮ್ಮಮ್ಮ ಫೋನ್ ಮಾಡಿದ್ದಳು. "ಲಾಸ್ ವೇಗಸ್‌ನಲ್ಲಿ ಕೆಲಸ ಅಂದಾಗಲೇ ಎದೆ ಧಸಕ್ಕೆಂದಿತ್ತು. ಈಗ ನೋಡಿದ್ರೆ ಕ್ಯಾಸಿನೋ ಬೀದೀಲಿರೋ ಬಾರಿಗೆ ಹೋಗ್ತಾನಂತೆ. ನೀನಾದ್ರೂ ಸ್ವಲ್ಪ ಹೇಳು" ಅಂದಳು. ಆಯ್ತು ಅಂದಿದ್ದೇನೆ. ಆದರೆ ಹೋಗಬೇಡ ಅನ್ನುವುದಕ್ಕೆ ಬರೆಯುತ್ತಿಲ್ಲ. ಧರ್ಮರಾಯನ ಪಗಡೆ ಕತೆಯನ್ನೂ ತೆಗೆಯುವುದಿಲ್ಲ, ಗಾಬರಿಯಾಗಬೇಡ.

ನೀನು ಹೇಳಿದ ಆ ಬಾರುಗಳ ಸಾಲು ನನಗೆ ಗೊತ್ತು. ಫ್ರೀಮಾಂಟ್ ಬೀದಿಯಲ್ಲಿ ಪಶ್ಚಿಮದ ಕಡೆ 1995ರಲ್ಲಿ ಹಾಕಿದ ದೀಪದ ಚಾವಣಿ ಇದೆಯಲ್ಲ, ಅದರಡಿ ಹತ್ತು ನಿಮಿಷ ನಿಂತರೆ ನನಗೆ ತಲೆನೋವು ಬರುತ್ತದೆ. ಹಾಡು, ಕೂಗಾಟ, ತಲೆ ಮೇಲೆ ತಂತಿಗೆ ಜೋತುಬಿದ್ದು ಹಾರುವ ಜನ. ಲಾಸ್ ವೇಗಸ್ ಬುಲೆವಾರ್ಡ್ ದಾಟಿ ಪೂರ್ವಕ್ಕೆ ಬಂದರೆ ಗಲಾಟೆ ಕಮ್ಮಿ. ಅಲ್ಲಿನ ಸಣ್ಣ ಬಾರುಗಳಿಗೆ ಪ್ರವಾಸಿಗರಷ್ಟೇ ಅಲ್ಲ, ಊರವರೂ ಬರುತ್ತಾರೆ. ನೆವಾಡಾದಲ್ಲಿ ಬಾರಿಗೆ ಇಷ್ಟು ಗಂಟೆಗೆ ಬಾಗಿಲು ಹಾಕಲೇಬೇಕು ಅನ್ನುವ ರಾಜ್ಯದ ಕಾನೂನಿಲ್ಲ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಬಿಯರ್ ಕುಡಿಯುತ್ತಿರುವವನನ್ನು ಕಂಡರೆ ಕುಡುಕ ಅಂದುಕೊಳ್ಳಬೇಡ. ಕ್ಯಾಸಿನೋದಲ್ಲಿ ಎಲೆ ಹಂಚುವ, ರಾತ್ರಿ ಪಾಳಿ ಮುಗಿಸಿದ ಡೀಲರಿಗೆ ಅದೇ ಸಂಜೆ. ಹೊಸ ಊರಲ್ಲಿ ಒಂಟಿ ಇರುವವನಿಗೆ, "ಎರಡು ದಿನ ಕಾಣಲಿಲ್ಲ, ಹುಷಾರಿದ್ದೀಯಾ?" ಅಂತ ಕೇಳುವ ಒಬ್ಬ ಬಾರ್‌ಟೆಂಡರ್ ಇದ್ದರೆ ಅದೇನು ಕಮ್ಮಿ ಅಲ್ಲ.

ಆ ಬೀದಿಯ ಚರಿತ್ರೆ ಸ್ವಲ್ಪ ತಿಳಿದುಕೊಂಡು ಕೂತರೆ ಇನ್ನೂ ಚೆನ್ನ. 1905ರಲ್ಲಿ ರೈಲು ಕಂಪನಿ ಸೈಟುಗಳನ್ನು ಹರಾಜು ಹಾಕಿದಾಗ ಹೆಂಡ ಮಾರುವುದಕ್ಕೆ ಅಂತ ಬಿಟ್ಟಿದ್ದು ಎರಡೇ ಬ್ಲಾಕು. ಈಗ ಗೋಲ್ಡನ್ ಗೇಟ್ ಅನ್ನುವ ಹೋಟೆಲ್ 1906ರದ್ದು, ಒಂದನೇ ನಂಬರಿನ ವಿಳಾಸ. ನಡುವೆ ರಾಜ್ಯ ಜೂಜನ್ನು ನಿಷೇಧಿಸಿ, 1931ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಹೂವರ್ ಅಣೆಕಟ್ಟೆಯ ಕೆಲಸ ಶುರು. ಕೂಲಿಗಳಿಗೆ ಸರ್ಕಾರ ಕಟ್ಟಿಸಿದ ಬೋಲ್ಡರ್ ಸಿಟಿಯಲ್ಲಿ ಹೆಂಡವೂ ಇಲ್ಲ, ಇಸ್ಪೀಟೂ ಇಲ್ಲ. ಸಂಬಳ ಬಂದ ಕೂಡಲೇ ಜನ ಫ್ರೀಮಾಂಟ್ ಬೀದಿಗೆ ಬರುತ್ತಿದ್ದರು. ಬೋಲ್ಡರ್ ಸಿಟಿಯಲ್ಲಿ ಇವತ್ತಿಗೂ ಕ್ಯಾಸಿನೋ ಇಲ್ಲ, ಒಂದು ಭಾನುವಾರ ಹೋಗಿ ಬಾ.

ಅಟಾಮಿಕ್ ಲಿಕರ್ಸ್‌ಗೆ ಹೋಗಿದ್ದೀಯೋ ಇಲ್ಲವೋ? 1952ರ ಬಾರು ಅದು. ಸುಮಾರು ನೂರು ಕಿಲೋಮೀಟರ್ ದೂರದ ಮರುಭೂಮಿಯಲ್ಲಿ ಅಣುಬಾಂಬು ಪರೀಕ್ಷೆ ನಡೆದಾಗ ಗಿರಾಕಿಗಳು ಗ್ಲಾಸು ಹಿಡಿದು ಅದರ ಮಾಡು ಹತ್ತಿ ಅಣಬೆ ಮೋಡ ನೋಡುತ್ತಿದ್ದರಂತೆ. ಗಾಳಿ ಬೀಸಿದ ಕಡೆಯ ಹಳ್ಳಿಗಳ ಜನ ಆ ವಿಕಿರಣದ ಧೂಳು ಕುಡಿದು ಕಾಯಿಲೆ ಬಿದ್ದದ್ದು ಬೇರೆ ಮಾತು. ಅದನ್ನು ಯೋಚಿಸಿದರೆ ನನಗೆ ಆ ತಮಾಷೆ ಅಷ್ಟಾಗಿ ರುಚಿಸುವುದಿಲ್ಲ. ಆ ಬಾರು ನಡೆಸುತ್ತಿದ್ದ ದಂಪತಿ ತೀರಿಕೊಂಡ ಮೇಲೆ ಮುಚ್ಚಿತ್ತು, 2013ರಲ್ಲಿ ಮತ್ತೆ ತೆರೆಯಿತು.

ಈಗ ವಿಷಯಕ್ಕೆ ಬರುತ್ತೇನೆ. ಅಲ್ಲಿನ ಎಷ್ಟೋ ಬಾರುಗಳ ಕೌಂಟರಿನಲ್ಲೇ ಒಂದೊಂದು ಸ್ಟೂಲಿನ ಮುಂದೆ ಪರದೆ ಮೇಲೆ ದುಡ್ಡಿಟ್ಟು ಇಸ್ಪೀಟಾಡುವ ಒಂದೊಂದು ವಿಡಿಯೋ ಪೋಕರ್ ಮೆಷಿನ್ ಹುದುಗಿಸಿರುತ್ತಾರೆ. ಗಾಜು ಸ್ವಲ್ಪ ಓರೆಯಾಗಿರುತ್ತದೆ, ಗ್ಲಾಸಿಡಲು ಅದರ ಪಕ್ಕದಲ್ಲಿ ಅಂಗೈಯಗಲ ಜಾಗ. ನೋಟು ತೂರಿಸುವ ಬಾಯಿ ಸರಿಯಾಗಿ ಬಲಗೈ ಹತ್ತಿರ. ಆಡುತ್ತಿದ್ದರೆ ಬಿಯರ್ ಬಿಟ್ಟಿ. ಕೆಲವು ಕಡೆ ನೀನು ಸಾಕಷ್ಟು ಆಡಿದ್ದೀಯಾ ಅಂತ ಬಾರ್‌ಟೆಂಡರಿಗೆ ಮಾತ್ರ ಕಾಣುವಂತೆ ಮೆಷಿನ್ ಬೆನ್ನಿಗೆ ದೀಪವೂ ಇರುತ್ತದೆ.

ಆ ಬಿಟ್ಟಿ ಬಿಯರಿನ ಲೆಕ್ಕ ನೋಡು. ಜ್ಯಾಕ್ಸ್ ಆರ್ ಬೆಟರ್ ಅನ್ನುವ ಆಟದಲ್ಲಿ, ಪರದೆ ಮೇಲಿನ ಪಟ್ಟಿಯಲ್ಲಿ ಫುಲ್ ಹೌಸ್ ಅನ್ನುವ ಎಲೆಗಳ ಜೋಡಣೆಗೆ 9 ಪಟ್ಟು, ಫ್ಲಷ್ ಅನ್ನುವುದಕ್ಕೆ 6 ಪಟ್ಟು ಅಂತಿದ್ದರೆ, ಒಂದೂ ತಪ್ಪಿಲ್ಲದೆ ಆಡಿದವನಿಗೆ ನೂರಕ್ಕೆ 99.5ರಷ್ಟು ವಾಪಸ್ಸು ಬರುತ್ತದೆ. ಅಲ್ಲೇ 6, 5 ಅಂತಿದ್ದರೆ 95. ಮೆಷಿನ್ ನೋಡಲು ಎರಡೂ ಒಂದೇ ಥರ. ಒಂದು ಕೈಗೆ 1.25 ಡಾಲರ್, ಗಂಟೆಗೆ 400 ಕೈ ಆಡಿದರೆ 500 ಡಾಲರ್ ಓಡಿದಂತಾಯಿತು. 6, 5ರ ಮೆಷಿನ್ನಾದರೆ ಅದರಲ್ಲಿ ಹೋಗುವ ಶೇಕಡಾ 5 ಅಂದರೆ 25 ಡಾಲರ್. ಇದು ಸರಾಸರಿ, ಅದೂ ತಪ್ಪಿಲ್ಲದೆ ಆಡಿದರೆ. ಎರಡು ಬಿಯರ್ ಕುಡಿದು ನೀನು ಹಾಗೆ ಆಡುತ್ತೀಯಾ? ಸುಮ್ನೆ ದುಡ್ಡು ಕೊಟ್ಟು ಕುಡಿ, ಅಗ್ಗ ಬೀಳುತ್ತದೆ. ಮೆಷಿನ್ ಇಲ್ಲದ ಮೂಲೆಯ ಸ್ಟೂಲು ಹಿಡಿ, ಇಲ್ಲದಿದ್ದರೆ ಟೇಬಲ್ಲಿಗೆ ಹೋಗು. ಬರೀ ಮಾತಾಡುತ್ತಾ ಕೂತರೆ ಮುಖ ಸಿಂಡರಿಸುವ ಬಾರು ನಿನ್ನ ಬಾರಲ್ಲ, ಪಕ್ಕದ್ದಕ್ಕೆ ಎದ್ದು ಹೋಗು.

ಇಷ್ಟರ ಮೇಲೂ ಆಡಬೇಕು ಅನ್ನಿಸಿದರೆ ನಿನ್ನ ದುಡ್ಡು, ನಿನ್ನ ಇಷ್ಟ. ದೀಪಾವಳಿಯಲ್ಲಿ ನಾವೂ ಅಂದರ್ ಬಾಹರ್ ಆಡಿದವರೇ. ನೋಟು ಜೇಬಿನಲ್ಲಿರಲಿ, ಎಟಿಎಂ ಕಾರ್ಡು ಮನೆಯಲ್ಲಿರಲಿ. ಬ್ಲ್ಯಾಕ್‌ಜ್ಯಾಕ್ ಅನ್ನುವ ಇಸ್ಪೀಟಾಟದ ಮೇಜಿನ ಬಟ್ಟೆ ಮೇಲೆ 6ಕ್ಕೆ 5 ಅಂತ ಬರೆದಿದ್ದರೆ ಕೂರಬೇಡ. ಮೊದಲೆರಡು ಎಲೆಯಲ್ಲೇ 21 ಬಂದ ಕೈಗೆ 3ಕ್ಕೆ 2 ಇರುವ ಮೇಜಿನಲ್ಲಿ ಹತ್ತು ಡಾಲರಿಗೆ 15 ಕೊಟ್ಟರೆ, ಇಲ್ಲಿ ಕೊಡುವುದು 12.

ಟಿಪ್ಸಿನಲ್ಲಿ ಜುಗ್ಗತನ ಬೇಡ. ಬಿಯರಿಗೊಂದು ಡಾಲರಾದರೂ ಇಡು, ಬಾರ್‌ಟೆಂಡರುಗಳ ಸಂಸಾರ ನಡೆಯುವುದರಲ್ಲಿ ಅದರ ಪಾಲು ದೊಡ್ಡದು.

ಒಂದು ವಿಷಯದಲ್ಲಿ ಮಾತ್ರ ನಾನು ನಿಮ್ಮಮ್ಮನ ಪಕ್ಷ. ಕುಡಿದು ಸ್ಟೀರಿಂಗ್ ಮುಟ್ಟಬೇಡ, ಒಂದೇ ಆದರೂ. ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.08 ಮುಟ್ಟಿದರೆ ಕೇಸು. ನಮ್ಮಂಥವರಿಗೆ ಅದು ದಂಡಕ್ಕೆ ಮುಗಿಯುವುದಿಲ್ಲ. ಶಿಕ್ಷೆಯಾಗುವ ಮೊದಲೇ, ಬರೀ ಅರೆಸ್ಟಾದದ್ದಕ್ಕೇ ವೀಸಾ ರದ್ದಾಗಬಹುದು. ಫ್ರೀಮಾಂಟ್‌ನಿಂದ ಡ್ಯೂಸ್ ಬಸ್ಸು ಇಡೀ ರಾತ್ರಿ ಓಡುತ್ತದೆ. ಕಾರು ಮನೆಯಲ್ಲೇ ಬಿಟ್ಟು ಹೋಗು.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಾನೂ ನಿಮ್ಮತ್ತೆಯೂ ಬರುತ್ತಿದ್ದೇವೆ. ನಿನ್ನ ಬಾರು ತೋರಿಸು. ಅತ್ತೆ ಮಾಡಿದ ಕೋಡುಬಳೆ ತರುತ್ತೇನೆ, ಒಳಗೆ ತಿನ್ನಲು ಬಿಡುತ್ತಾರಾ ಅಂತ ಮೊದಲೇ ಕೇಳಿಟ್ಟಿರು.

ಇಂತಿ,
ನಿನ್ನ ಮಾವ