ಕರೆಂಟು ಹೋದಾಗ ನೆಟ್ ನಿಲ್ಲುವುದು ಎಲ್ಲಿ?

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಮಲೆನಾಡಿನ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಆದರೆ ಊರಿನಿಂದಲೇ ಕಂಪನಿ ಕೆಲಸ ಮಾಡುವವರು ಹೆಚ್ಚಾದ ಮೇಲೆ, ಕರೆಂಟಿನ ಹಿಂದೆಯೇ ನೆಟ್ಟೂ ಹೋಗುವುದು ತಲೆನೋವಾಗಿದೆ. ಇದೊಂದಕ್ಕೇ ಸಾವಿರಾರು ರೂಪಾಯಿ ಸುರಿದು ದೊಡ್ಡ ಇನ್ವರ್ಟರ್ ಹಾಕಿಸಿ, ಆಮೇಲೂ ನೆಟ್ ಬಾರದೆ ಪೇಚಾಡುವ ಮನೆಗಳಿವೆ. ಫೈಬರ್ ಎಳೆಯುವ, ರಿಪೇರಿ ಮಾಡುವ ಕೆಲಸದಲ್ಲಿರುವ ನಾವು ಹೇಳುವುದಿಷ್ಟು: ದುಡ್ಡು ಬಿಚ್ಚುವ ಮೊದಲು ನೆಟ್ ಎಲ್ಲಿ ನಿಲ್ಲುತ್ತಿದೆ ಎಂದು ಪತ್ತೆ ಮಾಡಿ.

ಕರೆಂಟು ಹೋದಾಗ ಹತ್ತಿರದ ಯಾವುದಾದರೂ ಇನ್ವರ್ಟರ್‌ನಿಂದ ಎಕ್ಸ್‌ಟೆನ್ಷನ್ ಎಳೆದು ಫೈಬರ್ ಮೋಡೆಮ್ ಹೊತ್ತಿಸಿ, ಮೂರು ನಿಮಿಷ ಬಿಟ್ಟು ಲೈಟು ನೋಡಿ. ಪಾನ್ (PON) ಎಂದು ಬರೆದ ಲೈಟು ಮಿನುಗದೆ ಹಸಿರಾಗಿ ನಿಂತರೆ, ಆಚೆ ಕಡೆಯ ಓಎಲ್‌ಟಿ, ಅಂದರೆ ಮನೆಮನೆಗೆ ಫೈಬರಿನಲ್ಲಿ ಬೆಳಕಿನ ಸಿಗ್ನಲ್ ಕಳಿಸುವ ಕೇಬಲ್‌ನವರ ಯಂತ್ರ, ಬದುಕಿದೆ. ಕೊರತೆ ಇರುವುದು ನಿಮ್ಮ ಮನೆಯಲ್ಲಿ. ಪಾನ್ ಸರಿಯಿದ್ದೂ ಇಂಟರ್‌ನೆಟ್ ಲೈಟು ಬಾರದಿದ್ದರೆ ಓಎಲ್‌ಟಿಯಿಂದ ಮುಂದೆ ಎಲ್ಲೋ ನಿಂತಿದೆ. ಎಲ್‌ಓಎಸ್ (LOS) ಎಂದು ಬರೆದ ಲೈಟು ಕೆಂಪಗೆ ಮಿನುಗಿದರೆ ಫೈಬರಿನಲ್ಲಿ ನಿಮ್ಮ ಮನೆಗೆ ಬೆಳಕೇ ಬರುತ್ತಿಲ್ಲ. ಪ್ರತಿ ಸಲವೂ ಕರೆಂಟು ಹೋದ ಕೂಡಲೇ ಹೀಗಾದರೆ ಕೇಬಲ್‌ನವರ ಕಡೆ ಬ್ಯಾಟರಿ ಇಲ್ಲ. ಅರ್ಧ ಮುಕ್ಕಾಲು ಗಂಟೆ ಬಿಟ್ಟು ಆದರೆ ಇರುವ ಬ್ಯಾಟರಿ ಸೋತಿದೆ. ಕರೆಂಟು ಬಂದ ಮೇಲೂ ಕೆಂಪು ಹೋಗದಿದ್ದರೆ ಮರ ಬಿದ್ದು ಫೈಬರೇ ತುಂಡಾಗಿರಬಹುದು. ನಮ್ಮ ಕಡೆ ವಿದ್ಯುತ್ ತಂತಿಗೂ ಫೈಬರಿಗೂ ಹಲವೆಡೆ ಒಂದೇ ಕಂಬ.

ಕೊರತೆ ಮನೆಯೊಳಗಿದ್ದರೆ ಖರ್ಚು ಅಲ್ಪ. ಮೋಡೆಮ್ ಅಡಾಪ್ಟರ್ ಮೇಲೆ 12 ವೋಲ್ಟ್ 1.5 ಆಂಪ್ ಎಂದು ಬರೆದಿದ್ದರೂ ಅದು ನಿಜಕ್ಕೂ ತಿನ್ನುವುದು 7–10 ವ್ಯಾಟ್. ಇಷ್ಟಕ್ಕೆ ಅಂಗೈಯಗಲದ ಮಿನಿ ಯುಪಿಎಸ್, ಅಂದರೆ ಅಡಾಪ್ಟರಿಗೂ ಮೋಡೆಮ್‌ಗೂ ನಡುವೆ ಜೋಡಿಸುವ ಬ್ಯಾಟರಿ ಡಬ್ಬಿ, ಸಾಕು. ಆದರೆ ಡಬ್ಬದ ಮೇಲಿನ 10,000 ಎಂಎಎಚ್ ನೋಡಿ ಮರುಳಾಗಬೇಡಿ. ಆ ಲೆಕ್ಕ ಒಳಗಿನ ಸೆಲ್‌ನ 3.7 ವೋಲ್ಟಿನದ್ದು. 10,000 ಎಂಎಎಚ್ ಎಂದರೆ 10 ಆಂಪ್-ಅವರ್, 3.7ರಿಂದ ಗುಣಿಸಿದರೆ 37 ವ್ಯಾಟ್-ಅವರ್, ಅಂದರೆ 37 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು. 12 ವೋಲ್ಟಿಗೆ ಏರಿಸುವಾಗ ಆಗುವ ನಷ್ಟ ಕಳೆದರೆ ಕೈಗೆ ಸಿಗುವುದು 30ರ ಆಸುಪಾಸು. 8 ವ್ಯಾಟಿನ ಮೋಡೆಮ್ ಮೂರೂವರೆ ಗಂಟೆ ನಡೆಯಬಹುದು, ಅದೂ ಸೆಲ್ ಹೊಸದಿರುವಾಗ.

ಕೊಳ್ಳುವಾಗ ವೋಲ್ಟ್ ಅಡಾಪ್ಟರಿನಷ್ಟೇ ಇರಬೇಕು, ಆಂಪ್ ಅದಕ್ಕಿಂತ ಕಡಿಮೆ ಇರಬಾರದು. ಕಡಿಮೆಯಾದರೆ ವೈಫೈ ಲೋಡ್ ಏರಿದಾಗೆಲ್ಲ ಮೋಡೆಮ್ ರೀಸ್ಟಾರ್ಟ್ ಆಗುತ್ತದೆ. ಪಿನ್ ಸಾಮಾನ್ಯವಾಗಿ 5.5 ಮಿ.ಮೀ.ನದ್ದು, ಒಳತೂತು 2.1 ಅಥವಾ 2.5, ಎರಡೂ ಹೊರಗಿನಿಂದ ಒಂದೇ ಥರ ಕಂಡರೂ ಅಳತೆ ತಪ್ಪಿದರೆ ಸಡಿಲವಾಗಿ ಕೂತ ಪಿನ್ನಿನ ಕಿರಿಕಿರಿ ತಪ್ಪದು. ಮೋಡೆಮ್ ಬೇರೆ, ವೈಫೈ ರೂಟರ್ ಬೇರೆ ಇರುವ ಮನೆಗಳಲ್ಲಿ ಎರಡಕ್ಕೂ ಬ್ಯಾಕಪ್ ಬೇಕು. ರೂಟರ್ ಒಂದಕ್ಕೇ ಕೊಟ್ಟು, ಸಿಗ್ನಲ್ ಫುಲ್ ಇದ್ದರೂ ನೆಟ್ ಇಲ್ಲ ಎಂದು ಫೋನ್ ಮಾಡುವವರು ಈಗಲೂ ಇದ್ದಾರೆ. ಹಳೆಯ ರೂಟರ್‌ಗಳಲ್ಲಿ 9 ವೋಲ್ಟಿನವೂ ಇವೆ. ಅವಕ್ಕೆ 12 ವೋಲ್ಟಿನ ಪಿನ್ ಚುಚ್ಚಿದರೆ ಸುಟ್ಟೇ ಹೋದೀತು.

ಇನ್ನೊಂದು ವಿಷಯ ಅಂಗಡಿಯವರೂ ಹೇಳುವುದಿಲ್ಲ. ಮೋಡೆಮ್ ಜೊತೆ ಬಂದ 1 ಆಂಪ್ ಅಡಾಪ್ಟರನ್ನೇ ಮಿನಿ ಯುಪಿಎಸ್‌ಗೆ ಹಾಕಿದರೆ, ಅದು ಮೋಡೆಮ್ ನಡೆಸಬೇಕು, ಬ್ಯಾಟರಿಯನ್ನೂ ತುಂಬಬೇಕು. ಬ್ಯಾಟರಿ ಪೂರ್ತಿ ಇಳಿದು ಕರೆಂಟು ಬಂದಾಗ ಅಡಾಪ್ಟರ್ ಬಿಸಿಯಾಗಿ ನೆಟ್ ಬಂದು ಹೋಗಿ ಆಟವಾಡಿಸುತ್ತದೆ. 12 ವೋಲ್ಟ್ 2 ಅಥವಾ 3 ಆಂಪ್‌ನ ಅಡಾಪ್ಟರ್ ಹಾಕಿದರೆ ಈ ರಗಳೆ ಮುಗಿಯಿತು.

ಬೈಕ್ ಬ್ಯಾಟರಿಯಿಂದ ನೇರ ವೈರ್ ಎಳೆಯುವವರೂ ಇದ್ದಾರೆ. ಚಾರ್ಜ್ ಆಗುವಾಗ ಆ ಬ್ಯಾಟರಿ 14 ವೋಲ್ಟ್ ದಾಟುತ್ತದೆ, ಎಲ್ಲ ಮೋಡೆಮ್‌ಗಳೂ ಅದನ್ನು ತಾಳಿಕೊಳ್ಳುವುದಿಲ್ಲ. ನಡುವೆ 12 ವೋಲ್ಟ್ ಸ್ಥಿರವಾಗಿ ಕೊಡುವ ಕನ್ವರ್ಟರ್, ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಒಂದು ಫ್ಯೂಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಮನೆಗೆ ಇನ್ವರ್ಟರ್ ಆಗಲೇ ಇದ್ದರೆ, ಮೋಡೆಮ್ ಇರುವ ಪ್ಲಗ್ ಇನ್ವರ್ಟರ್ ಲೈನಿನಲ್ಲಿದೆಯೇ ನೋಡಿ. ಬಹಳಷ್ಟು ಕಡೆ ಆ ಲೈನಿಗೆ ಲೈಟು, ಫ್ಯಾನು ಮಾತ್ರ ಇರುತ್ತವೆ. ಕರೆಂಟು ಹೋದ ಕ್ಷಣ ಮೋಡೆಮ್ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು, ಬೇಗನೆ ಬ್ಯಾಟರಿಗೆ ಬದಲಾಗುವ ಯುಪಿಎಸ್ ಮೋಡ್‌ಗೆ ಹಾಕಿ. ಆದರೆ ವೋಲ್ಟೇಜ್ 180ಕ್ಕಿಂತ ಕೆಳಗಿಳಿಯುವ ಊರುಗಳಲ್ಲಿ ಈ ಮೋಡ್‌ನಲ್ಲಿ ಇನ್ವರ್ಟರ್ ಕರೆಂಟಿದ್ದೂ ಬ್ಯಾಟರಿ ತಿನ್ನುತ್ತದೆ. ಅಂಥಲ್ಲಿ ಮೋಡ್ ಬದಲಿಸದೆ ಮಿನಿ ಯುಪಿಎಸ್ ಜೋಡಿಸುವುದೇ ಲೇಸು. ಗುಡುಗು ಬಂದಾಗಲೂ ಅದರಿಂದ ಉಪಕಾರವಿದೆ: ಗೋಡೆಯ ಪ್ಲಗ್ ಕಿತ್ತಿಟ್ಟೂ ನೆಟ್ ನಡೆಸಬಹುದು. ಫೈಬರ್ ಗಾಜಿನದ್ದು, ಸಿಡಿಲಿನ ವಿದ್ಯುತ್ ಅದರಲ್ಲಿ ಹರಿಯದು. ಆದರೆ ಅದರ ಜೊತೆಗಿರುವ ಉಕ್ಕಿನ ತಂತಿಯನ್ನು ಮನೆಯ ಹೊರಗೇ ಕಟ್ಟಿ ಕತ್ತರಿಸಿರಬೇಕು.

ಇನ್ನು ಕೇಬಲ್‌ನವರ ಪಾಲು. ಜಿಪಾನ್ ಎಂಬ ಬಗೆಯ ಫೈಬರ್ ಜಾಲದಲ್ಲಿ ಓಎಲ್‌ಟಿಯಿಂದ ಮನೆಯವರೆಗೆ ನಡುವಿನ ಸ್ಪ್ಲಿಟರ್‌ಗಳಿಗೆ, ಅಂದರೆ ಒಂದು ಫೈಬರಿನ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಡಬ್ಬಿಗಳಿಗೆ, ಕರೆಂಟೇ ಬೇಡ; ಓಎಲ್‌ಟಿ ಇರುವಲ್ಲಿ ಬ್ಯಾಟರಿ ಇಟ್ಟರಾಯಿತು. ಅದರ ಬದಲು ಕಂಬದ ಡಬ್ಬಿಯಲ್ಲಿ ನೆಟ್‌ವರ್ಕ್ ಸ್ವಿಚ್ ಇಟ್ಟು ಅಲ್ಲಿಂದ ಲ್ಯಾನ್ ಕೇಬಲ್ ಎಳೆದಿದ್ದರೆ ಒಂದೊಂದು ಡಬ್ಬಿಗೂ ಬ್ಯಾಟರಿ ಬೇಕು. ಅದು ನಡೆಯುವ ಮಾತಲ್ಲ. ಎಂಟು ಪೋರ್ಟಿನ ಸಣ್ಣ ಓಎಲ್‌ಟಿ, ಒಂದು ಪೋರ್ಟಿಗೆ 64ರಂತೆ 512 ಮನೆಗಳವರೆಗೆ ನಿಭಾಯಿಸುತ್ತದೆ. ಸ್ವಿಚ್ಚು, ರೂಟರ್ ಎಲ್ಲ ಸೇರಿ 200 ವ್ಯಾಟ್ ಎಂದಿಟ್ಟುಕೊಂಡರೂ 150 ಎಎಚ್‌ನ ಎರಡು ಒಳ್ಳೆಯ ಬ್ಯಾಟರಿ ಹತ್ತು ಗಂಟೆ ಎಳೆಯುತ್ತವೆ. ಇಷ್ಟೂ ಮಾಡದೆ ತಿಂಗಳ ಬಿಲ್ ಪೂರ್ತಿ ವಸೂಲು ಮಾಡುವುದು ನ್ಯಾಯವಲ್ಲ. ಹೊಸ ಕನೆಕ್ಷನ್ ಕೊಡುವಾಗ ಸ್ಪೀಡ್, ದರದ ಜೊತೆಗೆ ಓಎಲ್‌ಟಿಗೆ ಎಷ್ಟು ಗಂಟೆ ಬ್ಯಾಕಪ್ ಇದೆ ಎಂಬುದನ್ನೂ ರಸೀದಿಯಲ್ಲಿ ಬರೆದುಕೊಡುವಂತೆ ಸೇವಾದಾರರಿಗೆ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಗ್ರಾಹಕರೇ ಕೇಳಿ ಬರೆಸಿಕೊಳ್ಳಲಿ.

– ಕೆಲವು ಫೈಬರ್ ತಂತ್ರಜ್ಞರು, ಸಾಗರ