ಯಾಕೆ ಕೈ ಎತ್ತಿದಿರಿ ಅಂತ ಬಂದು ಹೇಳಿ

ಮಾನ್ಯ ಸಂಪಾದಕರೇ,

ಶಾಸಕರು ಜನ ಹೇಳಿದಂತೆ ನಡೆಯಬೇಕೋ, ತಮಗೆ ಸರಿ ಕಂಡದ್ದನ್ನು ಮಾಡಬೇಕೋ? ಮೊನ್ನೆ ನಮ್ಮೂರ ಹೋಟೆಲಿನಲ್ಲಿ ಈ ಮಾತು ಬಂತು. ‘ವೋಟು ಹಾಕಿರೋದೇ ನಮ್ಮ ಮಾತು ಕೇಳಲಿ ಅಂತ’ ಎಂದರು ಒಬ್ಬರು. ‘ನಾವು ಹೇಳಿದ್ದನ್ನೇ ಒಪ್ಪಿಸೋಕೆ ಅವರ್ಯಾಕೆ, ಟೇಪ್ ರೆಕಾರ್ಡರ್ ಸಾಕಲ್ವಾ’ ಎಂದರು ಇನ್ನೊಬ್ಬರು. ನಾನು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದವನು. ಈ ಇಕ್ಕಟ್ಟು ನನಗೂ ಬಂದಿತ್ತು.

ಪಂಚಾಯಿತಿಯ ಕಸ ವಿಲೇವಾರಿ ಘಟಕಕ್ಕೆ ಜಾಗ ಬೇಕಿತ್ತು. ಸಿಕ್ಕಿದ್ದು ನಮ್ಮ ವಾರ್ಡಿನ ಪಕ್ಕದ ಗೋಮಾಳದಲ್ಲಿ ಒಂದು ಎಕರೆ. ವಾರ್ಡ್ ಸಭೆಯಲ್ಲಿ ಎಲ್ಲರೂ ಬೇಡವೇ ಬೇಡ ಎಂದರು. ವಾಸನೆ, ನೊಣ, ಬೀದಿನಾಯಿ ಕಾಟ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲಿಯವರೆಗೆ ಊರ ಕಸವೆಲ್ಲ ಕೆರೆ ಅಂಚಿಗೆ ಬೀಳುತ್ತಿತ್ತು. ಮಳೆ ಬಂದರೆ ನೇರ ನೀರಿಗೆ. ಬೇರೆ ಎರಡು ಜಾಗ ಹೋಗಿ ನೋಡಿದೆ. ಒಂದಕ್ಕೆ ಗಾಡಿ ಹೋಗುವ ದಾರಿಯಿಲ್ಲ, ಇನ್ನೊಂದು ಶಾಲೆಯ ಬೆನ್ನಿಗೇ ಇತ್ತು. ಕೊನೆಗೆ ಗೋಮಾಳದ ಜಾಗಕ್ಕೇ ಒಪ್ಪಿದೆ. ಸುತ್ತ ಕಾಂಪೌಂಡ್ ಹಾಕಬೇಕು, ಹಸಿ ಕಸ ತಂದು ಸುರಿಯಬಾರದು ಅಂತ ಎರಡು ಷರತ್ತನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಆಮೇಲೆ ಸಹಿ ಹಾಕಿದೆ.

ಅವತ್ತೇ ಸಂಜೆ ಅರಳಿಕಟ್ಟೆಗೆ ಹೋಗಿ ಎಲ್ಲ ಹೇಳಿದೆ. ಚೆನ್ನಾಗಿ ಬೈದರು. ಒಬ್ಬ ಅಜ್ಜಿಯಂತೂ ಬೆರಳು ಎತ್ತಿ ‘ನಿಂಗೆ ವೋಟು ಒತ್ತಿದ್ದು ಇದೇ ಬೆರಳು, ನೋಡ್ಕೋ’ ಎಂದರು. ಕಾಂಪೌಂಡ್ ಎದ್ದಿತು. ಹಸಿ ಕಸದ ಷರತ್ತು ಆರು ತಿಂಗಳಿಗೇ ಗಾಳಿಗೆ ಹೋಯಿತು. ಹಾಗಾಗಿ ಅಜ್ಜಿಯ ಸಿಟ್ಟಿನಲ್ಲೂ ಅರ್ಧ ನ್ಯಾಯವಿತ್ತು. ಮುಂದಿನ ಸಲ ನಿಂತಿದ್ದರೆ ಗೆಲ್ಲುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಾಗಲಿಲ್ಲ. ವಾರ್ಡಿನ ಮೀಸಲಾತಿ ಬದಲಾಗಿ ನಾನು ನಿಲ್ಲುವಂತೆಯೇ ಇರಲಿಲ್ಲ.

ನನಗಿದ್ದ ಒಂದು ಅನುಕೂಲ ಶಾಸಕರಿಗಿಲ್ಲ, ಒಪ್ಪುತ್ತೇನೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಅಲ್ಲಿ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಕೊಡುವವರಿಲ್ಲ. ಶಾಸಕರು, ಸಂಸದರು ಹಾಗಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಪಕ್ಷ 15 ದಿನದೊಳಗೆ ಮನ್ನಿಸಿದರೆ ಉಂಟು, ಇಲ್ಲವೆಂದರೆ ಇಲ್ಲ. ಸರ್ಕಾರ ಬೀಳಿಸುವ ಮತಕ್ಕೂ ಸಾಧಾರಣ ಮಸೂದೆಗೂ ಕಾನೂನಿನಲ್ಲಿ ಫರಕು ಬರೆದಿಲ್ಲ. ಇದನ್ನು ವಿಶ್ವಾಸಮತದಂಥ ವಿಷಯಕ್ಕಷ್ಟೇ ಇಡಿ ಅಂತ ಚುನಾವಣಾ ಸುಧಾರಣೆ ಕುರಿತ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಮೂವತ್ತು ವರ್ಷ ದಾಟಿತು, ಆ ಶಿಫಾರಸು ಇನ್ನೂ ಕಾನೂನಾಗಿಲ್ಲ.

ಹೋಗಲಿ, ಪಕ್ಷದಿಂದ ಪಕ್ಷಕ್ಕೆ ಹಾರುವವರನ್ನಾದರೂ ಈ ಕಾನೂನು ತಡೆಯಿತಾ? 2019ರಲ್ಲಿ ನಮ್ಮ ರಾಜ್ಯದ 17 ಶಾಸಕರು ಇದೇ ಕಾನೂನಿನಡಿ ಅನರ್ಹರಾದರು. ಮುಂಬೈ ಹೋಟೆಲು ಸೇರುವ ಮುಂಚೆ ಕ್ಷೇತ್ರದಲ್ಲಿ ಸಭೆ ಕರೆದು ಕೇಳಿದವರನ್ನು ನಾನಂತೂ ಕಾಣೆ. ಆದರೆ ಆ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಹೊಸ ಪಕ್ಷದಿಂದ ನಿಂತ 13 ಅನರ್ಹರ ಪೈಕಿ 11 ಮಂದಿ ಗೆದ್ದು ಬಂದರು. ಜನರೇ ಒಪ್ಪಿದ ಮೇಲೆ ನಿಮ್ಮದೇನು ಅಂತ ನಮ್ಮೂರ ಹೋಟೆಲಿನಲ್ಲಿ ನನ್ನ ಬಾಯಿ ಮುಚ್ಚಿಸಿದರು. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಸರಿಯಾದ ಉತ್ತರವಿಲ್ಲ.

ನನಗೆ ವಿಪ್‌ಗಿಂತ ಜಾಸ್ತಿ ಸಿಟ್ಟು ಬರುವುದು, ಎಣಿಕೆಯಿಲ್ಲದೆ ಎಲ್ಲರೂ ಒಟ್ಟಿಗೆ ಕೂಗಿ ಹೇಳುವ ಧ್ವನಿಮತದ ಮೇಲೆ. ಯಾರು ಹೌದು ಅಂದರು, ಯಾರು ಇಲ್ಲ ಅಂದರು, ಯಾರು ಕ್ಯಾಂಟೀನಿನಲ್ಲಿ ಕೂತಿದ್ದರು, ಒಂದಕ್ಕೂ ದಾಖಲೆಯಿಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಮತ ಎಣಿಸಿ ಎಂದು ಕೇಳುತ್ತಿದ್ದಾಗಲೇ ಗದ್ದಲದ ನಡುವೆ ಎರಡು ಕೃಷಿ ಮಸೂದೆಗಳು ಧ್ವನಿಮತದಲ್ಲಿ ಪಾಸಾದವು. ಮರುವರ್ಷದ ನವೆಂಬರ್ 29ಕ್ಕೆ ಆ ಕಾನೂನುಗಳನ್ನು ವಾಪಸು ಪಡೆದಾಗ ಲೋಕಸಭೆಯಲ್ಲಿ ಚರ್ಚೆಯೇ ಆಗಲಿಲ್ಲ. ಬರುವಾಗಲೂ ಕೂಗು, ಹೋಗುವಾಗಲೂ ಕೂಗು. ನಮ್ಮ ಎಂ.ಪಿ. ಏನಂದರು ಅಂತ ರೈತ ಎಲ್ಲಿ ಹುಡುಕಬೇಕು?

ನಮ್ಮದೂ ತಪ್ಪಿದೆ, ಸುಮ್ನೆ ಅವರನ್ನೇ ಅಂದರೆ ಆಗದು. ಬೆಳಗ್ಗೆ ಶಾಸಕರ ಮನೆ ಮುಂದೆ ನಿಂತವರ ಕೈ ನೋಡಿ. ವರ್ಗಾವಣೆ ಅರ್ಜಿ, ಮದುವೆ ಕಾರ್ಡು, ಆಸ್ಪತ್ರೆ ಬಿಲ್ಲು. ನಾನೂ ಹೋಗಿದ್ದು ಮಗಳ ಹಾಸ್ಟೆಲ್ ಸೀಟಿಗೇ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ಕಿತ್ತುಹಾಕಿ, ಬೇಸಾಯ ಮಾಡದವರೂ ಜಮೀನು ಕೊಳ್ಳಬಹುದು ಎಂದು ಮಾಡಿದ್ದರಲ್ಲ, ಬಂದವನು ಅದನ್ನೂ ಕೇಳಿಬಿಟ್ಟೆ. ‘ಅದೆಲ್ಲ ಮೇಲೇ ತೀರ್ಮಾನ ಆಗಿರುತ್ತೆ ಬಿಡಣ್ಣ’ ಎಂದು ನಕ್ಕರು ಶಾಸಕರು. ಹಾಸ್ಟೆಲ್ ಸೀಟಿಗೆ ಮಾತ್ರ ಅಲ್ಲೇ ಫೋನ್ ಮಾಡಿದರು. ಒಳ್ಳೆಯವರೇ. ಆದರೆ ಸೀಟು ಕೊಡಿಸಲು ಶಾಸಕರೇ ಬೇಕಾ? ಕಾನೂನಿಗೆ ಹೌದು, ಇಲ್ಲ ಅನ್ನಲು ಅವರ ಬದಲು ಬೇರೆ ಯಾರೂ ಇಲ್ಲ.

ಹಾಗಂತ ಎಲ್ಲದಕ್ಕೂ ನಮ್ಮ ಮಾತೇ ನಡೆಯಲಿ ಎಂದು ನಾನು ಹೇಳುವುದಿಲ್ಲ. ನಮ್ಮ ವಾರ್ಡಿನ ಮಾತು ಕೇಳಿದ್ದರೆ ಕಸ ಇನ್ನೂ ಕೆರೆಯಲ್ಲೇ ಇರುತ್ತಿತ್ತು. ವಿಶ್ವಾಸಮತಕ್ಕೆ, ಬಜೆಟ್ಟಿಗೆ ಪಕ್ಷದ ಜೊತೆ ನಿಲ್ಲಲಿ, ಆ ಚಿಹ್ನೆ ತೋರಿಸಿಯೇ ತಾನೇ ವೋಟು ಕೇಳಿದ್ದು. ಮಿಕ್ಕ ಮಸೂದೆಗಳನ್ನು ಅಧಿವೇಶನಕ್ಕೆ ಮುಂಚೆ ತಾಲ್ಲೂಕಿಗೆ ತಂದು, ಕನ್ನಡದಲ್ಲಿ ಓದಿ ಹೇಳಿ, ನಮ್ಮ ಮಾತು ಕೇಳಿಸಿಕೊಳ್ಳಲಿ. ಆಮೇಲೆ ತಮ್ಮ ಬುದ್ಧಿಗೆ ತೋಚಿದಂತೆ ತೀರ್ಮಾನಿಸಲಿ. ಸದನದಲ್ಲಿ ಮತ ಎಣಿಸಿ ಎಂದು ಕೇಳಲಿ. ಊರಿಗೆ ಬಂದು, ಹೀಗೆ ಹಾಕಿದೆ, ಇದಕ್ಕೇ ಹಾಕಿದೆ ಅಂತ ಹೇಳಲಿ. ಶಾಮಿಯಾನ, ಕುರ್ಚಿ ಖರ್ಚು ನಮ್ಮದು. ಬೈಗುಳ ಬೀಳಬಹುದು, ಆ ಅಜ್ಜಿ ಇನ್ನೂ ಗಟ್ಟಿಯಾಗಿದ್ದಾರೆ.

— ಗ್ರಾಮ ಪಂಚಾಯಿತಿ ಮಾಜಿ ಸದಸ್ಯ, ತುಮಕೂರು ಜಿಲ್ಲೆ