ಚಿಪ್ ಜೊತೆಗೆ ಕಂಪೈಲರ್‌ಗೂ ಗಮನ ಬೇಕು

ಮಾನ್ಯರೇ,

ದೇಶದಲ್ಲೇ ಚಿಪ್ ತಯಾರಿಸುವ ಕುರಿತು ಈಚೆಗೆ ಸುದ್ದಿಗಳಿಗೆ ಬರವಿಲ್ಲ. ಆದರೆ ಆ ಚಿಪ್‌ಗೆ ತಿಳಿಯುವಂತೆ ಪ್ರೋಗ್ರಾಂಗಳನ್ನು ಪರಿವರ್ತಿಸಿಕೊಡುವ ಕಂಪೈಲರ್ ಅನ್ನು ಅದರ ಮೂಲ ಸಂಕೇತದಿಂದ ಬಿಲ್ಡ್ ಮಾಡಿ, ಬೇರೆಯವರು ಸುಲಭವಾಗಿ ಹಾಕಿಕೊಳ್ಳುವಂತೆ ಪ್ಯಾಕೇಜ್ ಮಾಡಿ ಕೊಡುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ.

ಇಸ್ರೊ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಎರಡು ಪ್ರೊಸೆಸರ್‌ಗಳನ್ನೇ ನೋಡಬಹುದು. ವಿಕ್ರಮ್ 3201ರ ಇನ್‌ಸ್ಟ್ರಕ್ಷನ್ ಸೆಟ್, ಅಂದರೆ ಅದು ಪಾಲಿಸಬಲ್ಲ ಆದೇಶಗಳ ಪಟ್ಟಿ, ಅದಕ್ಕೆಂದೇ ರೂಪಿಸಿದ್ದು; ಹೀಗಾಗಿ ಅಡಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್, ಅಸೆಂಬ್ಲಿ ಭಾಷೆಯನ್ನು ಯಂತ್ರಸಂಕೇತವಾಗಿಸುವ ಅಸೆಂಬ್ಲರ್, ತುಣುಕುಗಳನ್ನು ಜೋಡಿಸಿ ಒಂದು ಪ್ರೋಗ್ರಾಂ ಮಾಡುವ ಲಿಂಕರ್ ಎಲ್ಲವನ್ನೂ ಇಸ್ರೊ ತಾನೇ ಸಿದ್ಧಪಡಿಸಿಕೊಳ್ಳಬೇಕಾಯಿತು. ಸಿ ಭಾಷೆಯ ಕಂಪೈಲರ್ ಆಗಿನ್ನೂ ತಯಾರಾಗುತ್ತಿತ್ತು. ಜೊತೆಗೇ ಬಂದ ಕಲ್ಪನಾ 3201 ಸ್ಪಾರ್ಕ್ ವಿ8 ಎಂಬ ಇನ್‌ಸ್ಟ್ರಕ್ಷನ್ ಸೆಟ್ ಮಾನಕವನ್ನು ಅನುಸರಿಸುವುದರಿಂದ ಮುಕ್ತ ತಂತ್ರಾಂಶದ ಸಾಧನಗಳನ್ನೇ ಬಳಸಿಕೊಳ್ಳಬಲ್ಲದು. ಐಐಟಿ ಮದ್ರಾಸ್‌ನ ಶಕ್ತಿ, ಸಿ-ಡ್ಯಾಕ್‌ನ ವೇಗ ಪ್ರೊಸೆಸರ್‌ಗಳಿಗೂ ಇದೇ ಅನುಕೂಲ. ಅವು ಆಧರಿಸಿರುವ ರಿಸ್ಕ್-ಫೈವ್ ಎಂಬ ಮುಕ್ತ ಇನ್‌ಸ್ಟ್ರಕ್ಷನ್ ಸೆಟ್‌ಗೆ ಜಿಸಿಸಿ ಎಂಬ ಮುಕ್ತ ತಂತ್ರಾಂಶದ ಕಂಪೈಲರ್‌ನಲ್ಲಿ 2017ರಿಂದಲೇ ಬೆಂಬಲವಿದೆ, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ 64 ಬಿಟ್ ರಿಸ್ಕ್-ಫೈವ್ ಅನ್ನು ತಾನು ಬೆಂಬಲಿಸುವ ಪ್ರೊಸೆಸರ್‌ಗಳ ಅಧಿಕೃತ ಪಟ್ಟಿಗೆ ಸೇರಿಸಿಕೊಂಡಿದೆ.

ಬೆಂಬಲವಿದೆ ಎಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಇಂಟೆಲ್ ಯಂತ್ರದಲ್ಲಿ ಕುಳಿತು ರಿಸ್ಕ್-ಫೈವ್ ಲಿನಕ್ಸ್‌ಗೆ ಜಿಸಿಸಿ ಬಿಲ್ಡ್ ಮಾಡಹೊರಟವರಿಗೆ ಮೊದಲು ಎದುರಾಗುವುದೇ ಒಂದು ಇಕ್ಕಟ್ಟು: ಪೂರ್ಣ ಕಂಪೈಲರ್‌ಗೆ ಸಿ ಲೈಬ್ರರಿ (ಸಿ ಪ್ರೋಗ್ರಾಂಗಳು ಬಳಸುವ ಸಿದ್ಧ ಫಂಕ್ಷನ್‌ಗಳ ಸಂಗ್ರಹ) ಬೇಕು, ಆ ಲೈಬ್ರರಿಯನ್ನು ಸಿದ್ಧಪಡಿಸಲು ಕಂಪೈಲರ್ ಬೇಕು. ಆದ್ದರಿಂದ ಮೊದಲು ಅಸೆಂಬ್ಲರ್ ಮತ್ತು ಲಿಂಕರ್, ಬಳಿಕ ಅರೆಬರೆ ಕಂಪೈಲರ್, ಅದರಿಂದ ಲೈಬ್ರರಿ, ಕೊನೆಗೆ ಪೂರ್ಣ ಕಂಪೈಲರ್ ಎಂಬ ಕ್ರಮದಲ್ಲೇ ಸಾಗಬೇಕು. ಅದೇ ಯಂತ್ರಕ್ಕಾಗಿ ಬಿಲ್ಡ್ ಮಾಡುವಾಗಲಂತೂ ಜಿಸಿಸಿ ಮೂರು ಹಂತಗಳಲ್ಲಿ ತನ್ನನ್ನು ತಾನೇ ಕಂಪೈಲ್ ಮಾಡಿಕೊಂಡು, ಎರಡನೆಯ ಮತ್ತು ಮೂರನೆಯ ಹಂತದ ಫಲಿತಾಂಶಗಳನ್ನು ತಾಳೆ ನೋಡಿ, ಹೊಂದದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಇಷ್ಟಾದ ಮೇಲೆ ಪ್ಯಾಕೇಜಿಂಗ್. ಬೇರೆ ಬೇರೆ ಪ್ರೊಸೆಸರ್‌ಗಳ ಲೈಬ್ರರಿಗಳು ಒಂದರ ಮೇಲೊಂದು ಬೀಳದಂತೆ ಪ್ರತ್ಯೇಕ ಡೈರೆಕ್ಟರಿಗಳಲ್ಲಿ ಕೂರಬೇಕು, ಯಾವ ಆವೃತ್ತಿಗೆ ಯಾವುದು ಬೇಕೆಂದು ನಮೂದಾಗಬೇಕು. ಹೆಸರು ತಂದುಕೊಡದ ಕೆಲಸವಿದು.

ನಮ್ಮ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪೈಲರ್ ಪಾಠ ಪ್ರೋಗ್ರಾಂನ ಪದ, ವಾಕ್ಯರಚನೆಗಳನ್ನು ಗುರುತಿಸುವ ಲೆಕ್ಸ್, ಯಾಕ್ ಸಾಧನಗಳ ಪ್ರಯೋಗಗಳಿಂದ ಆಚೆಗೆ ಹೋಗುವುದಿಲ್ಲ. ಇಂಟೆಲ್ ಯಂತ್ರವನ್ನಷ್ಟೇ ಕಂಡ ವಿದ್ಯಾರ್ಥಿ, ಫೈಲಿನಿಂದ ಒಂದೊಂದೇ ಅಕ್ಷರ ಓದುವ ಸಿ ಪ್ರೋಗ್ರಾಂನಲ್ಲಿ ಅದನ್ನು ಒಂದು ಅಕ್ಷರದಷ್ಟೇ ಹಿಡಿಸುವ 'ಚಾರ್' ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುತ್ತಾನೆ. ಅಲ್ಲಿ ಚಾರ್‌ಗೆ ಋಣ ಸಂಖ್ಯೆಯೂ ಸಲ್ಲುವುದರಿಂದ, ಫೈಲ್ ಮುಗಿದಾಗ ಬರುವ −1 ಸಿಕ್ಕಿ ಲೂಪ್ ನಿಲ್ಲುತ್ತದೆ. ಅದೇ ಪ್ರೋಗ್ರಾಂ ಆರ್ಮ್ ಅಥವಾ ರಿಸ್ಕ್-ಫೈವ್ ಲಿನಕ್ಸ್‌ನಲ್ಲಿ ನಿಲ್ಲುವುದೇ ಇಲ್ಲ, ಏಕೆಂದರೆ ಅಲ್ಲಿ ಚಾರ್‌ಗೆ ಋಣ ಚಿಹ್ನೆಯಿಲ್ಲ, −1 ಎಂಬುದು 255 ಆಗಿ ಕೂರುತ್ತದೆ. ತಪ್ಪು ಕಂಪೈಲರ್‌ನದಲ್ಲ. ಬೇರೊಂದು ಪ್ರೊಸೆಸರ್‌ಗೆ ಒಮ್ಮೆಯಾದರೂ ಬಿಲ್ಡ್ ಮಾಡಿದವರಿಗೆ ಮಾತ್ರ ಇದು ಬೇಗ ಹೊಳೆಯುತ್ತದೆ.

ಪಠ್ಯಕ್ರಮ ರೂಪಿಸುವವರು ಮುಂದಿನ ಪರಿಷ್ಕರಣೆಯಲ್ಲಿ, ಒಂದು ಕಂಪೈಲರನ್ನು ಕನಿಷ್ಠ ಎರಡು ಪ್ರೊಸೆಸರ್‌ಗಳಿಗೆ ಬಿಲ್ಡ್ ಮಾಡಿ ಡೆಬಿಯನ್ ಪ್ಯಾಕೇಜ್ ಆಗಿಸುವ ಪ್ರಯೋಗವನ್ನು ಕಡ್ಡಾಯಗೊಳಿಸಬೇಕು. ಹೊಸ ಬೋರ್ಡ್ ಖರೀದಿಸಲು ಟೆಂಡರ್ ಕರೆಯಬೇಕಿಲ್ಲ. ಬೇರೊಂದು ಪ್ರೊಸೆಸರ್‌ನಂತೆ ನಟಿಸುವ ಕ್ಯೂಎಮು ಎಂಬ ಉಚಿತ ಎಮ್ಯುಲೇಟರ್ ಇರುವ ಪ್ರಯೋಗಾಲಯದ ಮಾಮೂಲಿ ಕಂಪ್ಯೂಟರಿನಲ್ಲೇ ರಿಸ್ಕ್-ಫೈವ್ ಪ್ರೋಗ್ರಾಂ ಓಡಿಸಿ ಪರೀಕ್ಷಿಸಬಹುದು. ಹಳೆಯ ಯಂತ್ರಗಳಲ್ಲಿ ಜಿಸಿಸಿ ಬಿಲ್ಡ್ ಮುಗಿಯಲು ಗಂಟೆಗಟ್ಟಲೆ ಹಿಡಿಯುವುದರಿಂದ, ಸಂಜೆ ಪ್ರಯೋಗಾಲಯಕ್ಕೆ ಬೀಗ ಹಾಕುವ ಮುನ್ನ ಎಲ್ಲ ಕಂಪ್ಯೂಟರ್‌ಗಳನ್ನೂ ಆರಿಸುವ ನಿಯಮವನ್ನು ಮಾತ್ರ ಸ್ವಲ್ಪ ಸಡಿಲಿಸಬೇಕಾದೀತು.

– ಓದುಗ, ಮೈಸೂರು